ಸಾವಿರದ ನಾನೂರು ಪೌಂಡಿನ ನಾಯಿ

ಹೆಂಡತಿಯ ನಾಯಿಗೆ ಎಷ್ಟು ಬಿತ್ತು ಎಂಬುದನ್ನು ಎಮ್ರಿಸ್ ಪ್ಯೂ ಆ ಕಣಿವೆಯಲ್ಲಿ ಯಾರಿಗೆ ಹೇಳಿಲ್ಲ ಎಂದು ಕೇಳಿದರೆ, ಚಾಪೆಲ್ ಹಿಂದಿನ ಗೋರಿಗಳಲ್ಲಿ ಮಲಗಿದವರಿಗೆ ಮಾತ್ರ ಎನ್ನಬೇಕು. ಅವರಿಗೂ ಹೇಳಿದ್ದನೋ ಏನೋ. ಚಾಪೆಲ್ ಮಾಡಿನ ಸ್ಲೇಟುಕಲ್ಲಿನ ಹಂಚು ಬದಲಿಸಲು ಹತ್ತಿದ್ದಾಗ ಅವನು ಒಬ್ಬನೇ ಮಾತಾಡಿಕೊಳ್ಳುತ್ತಿದ್ದುದನ್ನು ಕೇಳಿದವರಿದ್ದಾರೆ.

"ಸಾವಿರದ ನಾನೂರು ಪೌಂಡು! ಒಂದು ನಾಯಿಮರಿಗೆ! ಹಾಲು ಕೊಡಲ್ಲ, ಉಣ್ಣೆ ಕೊಡಲ್ಲ, ಮೊಟ್ಟೆ ಇಡಲ್ಲ. ನನ್ನ ವ್ಯಾನು ಮಾರಿದ್ರೂ ಅಷ್ಟು ಹುಟ್ಟಲ್ಲ ಮಾರಾಯ."

ಅಂಗಡಿಯಲ್ಲಿ ಇದೇ ಮಾತು, ಅಂಚೆಕಚೇರಿಯಲ್ಲಿ ಇದೇ ಮಾತು, ಪಬ್ಬಿನಲ್ಲಂತೂ ಮೊದಲ ಗುಟುಕು ಗಂಟಲಿಗೆ ಇಳಿಯುವ ಮೊದಲೇ ಇದೇ ಮಾತು. ಅವನು ಬಾಗಿಲು ತಳ್ಳಿ ಒಳಗೆ ಬಂದರೆ ಸಾಕು, ಮೂಲೆಯಲ್ಲಿ ಕೂತವರು ಒಟ್ಟಿಗೇ "ಸಾವಿರದ ನಾನೂರು!" ಎಂದು ಕೂಗುತ್ತಿದ್ದರು. ಅವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. "ಹೂಂ, ನಗಿ ನಗಿ. ಜೇಬಿಗೆ ಬೆಂಕಿ ಬಿದ್ದಿರೋದು ನನಗೆ ತಾನೇ" ಎನ್ನುತ್ತಿದ್ದ.

ಅವನ ಜೇಬಿಗೆ ಬೆಂಕಿಯೂ ಬಿದ್ದಿರಲಿಲ್ಲ, ಕಿಡಿಯೂ ಬಿದ್ದಿರಲಿಲ್ಲ. ದುಡ್ಡು ಪೂರ್ತಿ ನೆಸ್ಟಾಳದು.

ವೇಲ್ಸಿನ ಆ ಬೆಟ್ಟದೂರುಗಳಲ್ಲಿ ಒಂದೇ ಹೆಸರಿನ ಹತ್ತಾರು ಜನರಿರುವುದರಿಂದ ಕಸುಬನ್ನೇ ಹೆಸರಿಗೆ ಅಂಟಿಸುತ್ತಾರೆ. ಮಾಡು ಹೊದಿಸುವ ಗಂಡ ಸ್ಲೇಟು ಎಮ್ರಿಸ್, ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ಸು ಓಡಿಸುವ ಹೆಂಡತಿ ಬಸ್ ನೆಸ್ಟಾ. ವಾರವಿಡೀ ಊರವರ ಮಕ್ಕಳನ್ನು ಸಾಗಿಸಿ, ಚಳಿಗಾಲದ ಶನಿವಾರಗಳಲ್ಲಿ ಅವಳು ಎಸ್ಟೇಟಿನಲ್ಲಿ ಫೆಸೆಂಟ್ ಎಂಬ ಕಾಡುಕೋಳಿಯ ಬೇಟೆಗೆ ಹೋಗುತ್ತಿದ್ದಳು. ಕೋವಿ ಹಿಡಿಯುವುದಕ್ಕಲ್ಲ. ಕೋವಿಯವರು ಬಯಲಲ್ಲಿ ಸಾಲಾಗಿ ನಿಂತಿರುತ್ತಾರೆ. ಕಾಡಿನ ಇನ್ನೊಂದು ತುದಿಯಿಂದ ಗೊಬ್ಬರದ ಚೀಲ ಹರಿದು ಕೋಲಿಗೆ ಕಟ್ಟಿದ ಬಾವುಟ ಬೀಸುತ್ತ, ಹಕ್ಕಿಗಳನ್ನು ಅವರ ತಲೆಯ ಮೇಲೆ ಹಾರಿಸಲು ಹಳು ನುಗ್ಗುವವರು ಬರುತ್ತಾರೆ. ನೆಸ್ಟಾ ಆ ಗುಂಪಿನವಳು. ದಿನಕ್ಕೆ ನಲವತ್ತು ಪೌಂಡು, ಮೈತುಂಬ ಮುಳ್ಳಿನ ಗೀರು, ಬೂಟಿನೊಳಗೆ ನೀರು. ಇಪ್ಪತ್ತು ಚಳಿಗಾಲ ಹೀಗೇ ನುಗ್ಗಿದ್ದಳು.

ನಾಯಿ ಇದ್ದವರ ಗತ್ತೇ ಬೇರೆ. ಅವರು ಮುಳ್ಳಿಗೆ ನುಗ್ಗುವುದಿಲ್ಲ, ಕೋವಿಯವರ ಬೆನ್ನ ಹಿಂದೆ ನಿಂತು ಬಿದ್ದ ಹಕ್ಕಿಯನ್ನು ನಾಯಿಯಿಂದ ತರಿಸುತ್ತಾರೆ. ಬೇಟೆಕಾಡು ನೋಡಿಕೊಳ್ಳುವ ಇಡ್ವಲ್ ಪ್ರತಿ ವರ್ಷ ಎಸ್ಟೇಟಿನ ಕೊಟ್ಟಿಗೆಯ ಬಾಗಿಲಿಗೆ ಒಂದು ಪಟ್ಟಿ ಹೊಡೆಯುತ್ತಿದ್ದ. ಮೇಲ್ಗಡೆ ನಾಯಿಯವರ ಹೆಸರು, ಪಕ್ಕದಲ್ಲಿ ನಾಯಿಯ ಹೆಸರು. ಅದರ ಕೆಳಗೆ ಗೆರೆ. ಗೆರೆಯ ಕೆಳಗೆ ಬಾವುಟದವರು. ಇಪ್ಪತ್ತು ವರ್ಷದಲ್ಲಿ ಆ ಗೆರೆಯ ಮೇಲೆ ಒಮ್ಮೆ ಹತ್ತಬೇಕೆಂದು ನೆಸ್ಟಾಳಿಗೆ ಎಷ್ಟು ಆಸೆಯಾಗಿತ್ತೆಂದರೆ, ಪ್ರತಿ ಸೆಪ್ಟೆಂಬರಿನಲ್ಲಿ ಪಟ್ಟಿ ನೋಡುವಾಗ ಅವಳು ಮೇಲ್ಭಾಗವನ್ನು ಓದುತ್ತಲೇ ಇರಲಿಲ್ಲ.

ಅದೂ ಯಾವುದೋ ನಾಯಿ ಆಗುವುದಿಲ್ಲ. ತನ್ನ ನೆಲದ, ವೇಲ್ಸಿನ ಕೆಂಪು-ಬಿಳಿ ಸ್ಪ್ರಿಂಗರ್ ಸ್ಪ್ಯಾನಿಯಲ್ ಜಾತಿಯದೇ ಆಗಬೇಕು.

"ಆ ಕೆಂಪು ನಾಯಿನಾ?" ಇಡ್ವಲ್ ಮೂಗು ಮುರಿದಿದ್ದ. "ಹಠಮಾರಿ ಜಾತಿ ಕಣೇ ಅದು. ಸೋಫಾ ಮೇಲೆ ಕೂರಿಸಿ ಫೋಟೋ ತೆಗೆಯೋಕೆ ಲಾಯಕ್ಕು. ಕೆಲಸಕ್ಕೆ ಬೇಕಂದ್ರೆ ಲ್ಯಾಬ್ರಡಾರ್ ತಗೋ, ಇಲ್ಲಾಂದ್ರೆ ಇಂಗ್ಲಿಷ್ ಸ್ಪ್ರಿಂಗರ್ ತಗೋ."

"ನಮ್ಮ ಬೆಟ್ಟದಲ್ಲಿ ನಮ್ಮ ನಾಯಿ ಓಡಬಾರದಾ?"

"ಓಡ್ಲಿ, ಯಾರು ಬೇಡ ಅಂದ್ರು? ವಾಪಸ್ ಬರ್ಬೇಕಲ್ಲ."

ಎರಡು ಚಳಿಗಾಲದ ಹಳು ನುಗ್ಗಿದ ಕೂಲಿಯಲ್ಲಿ ಒಂದು ಕಾಸೂ ಮುಟ್ಟದೆ ನೆಸ್ಟಾ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಳು. ಮೂವತ್ತೈದು ಶನಿವಾರ. ಆಮೇಲೆ ಮಿಸೆಸ್ ಬೆಬ್‌ಗೆ ಫೋನು ಮಾಡಿದಳು.

ಮಿಸೆಸ್ ಬೆಬ್ ಎಂದರೆ ಆ ಕೆಂಪು ನಾಯಿಗಳನ್ನು ಸಾಕಿ ಮರಿ ಮಾಡಿಸುವ ಎಪ್ಪತ್ತೆರಡು ವರ್ಷದ ಹೆಂಗಸು. ಐದು ತಲೆಮಾರು ನಾಯಿಗಳ ವಂಶಾವಳಿ ಅವಳ ಬಾಯಲ್ಲಿತ್ತು. ಸ್ವಂತ ಅಜ್ಜನ ಹೆಸರು ಕೇಳಿದರೆ ಸ್ವಲ್ಪ ಯೋಚಿಸುತ್ತಿದ್ದಳು. ಅವಳ ಮನೆಗೆ ಮರಿ ಕೇಳಲು ಹೋಗುವುದೆಂದರೆ ಹೆಣ್ಣು ಕೇಳಲು ಹೋದಷ್ಟೇ ಫಜೀತಿ. ಮೂರು ಸಲ ಕರೆಸಿಕೊಂಡಳು. ನಾಲ್ಕನೆಯ ಸಲ ತಾನೇ ನೆಸ್ಟಾಳ ಮನೆಗೆ ಬಂದು ಹಿತ್ತಲ ಗೋಡೆಯ ಎತ್ತರ ನೋಡಿದಳು, ಗೇಟಿನ ಸಂದಿಯಲ್ಲಿ ಮುಷ್ಟಿ ತೂರಿಸಿ ನೋಡಿದಳು, ಕೊನೆಗೆ ಎಮ್ರಿಸ್‌ನ ಮುಂದೆ ನಿಂತಳು.

"ನಾಯಿನ ಹಾಸಿಗೆ ಮೇಲೆ ಹತ್ತಿಸ್ತೀಯೇನಪ್ಪಾ?"

"ಈ ಮನೇಲಿ ಹಾಸಿಗೆ ಹತ್ತೋಕೆ ನನಗೇ ಅಪ್ಪಣೆ ಬೇಕು, ಮಿಸೆಸ್ ಬೆಬ್."

ಅವಳು ನಗಲಿಲ್ಲ. ಕಾರ್ಡಿಫ್‌ನಿಂದ ಯಾರೋ ಎರಡೂವರೆ ಸಾವಿರ ಕೊಡುತ್ತೇನೆಂದು ಫೋನು ಮಾಡಿದ್ದನಂತೆ. "ಮರಿ ಹೇಗಿದೆ ಅಂತ ಕೇಳೋ ಮೊದಲೇ ದುಡ್ಡಿನ ಮಾತು ತೆಗೆದ. ಫೋನ್ ಇಟ್ಟೆ" ಎಂದಳು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಮರಿಯನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. ನಾಯಿ ಈ ಮನೆಯಲ್ಲಿ ಸುಖವಾಗಿಲ್ಲ ಎಂದು ಕಂಡರೆ ಅದು ಮಿಸೆಸ್ ಬೆಬ್ ಮನೆಗೇ ವಾಪಸು. ನೆಸ್ಟಾ ಸಹಿ ಹಾಕಿದಳು. ಸುಖಕ್ಕೇನು ಕೊರತೆಯಾದೀತು ಎಂದು ಅವಳಿಗೆ ಆಗ ಅನ್ನಿಸಿತ್ತು.

ಹೆಣ್ಣುಮರಿ ಜೂನಿನಲ್ಲಿ ಬಂತು. ಚಳಿಗಾಲದಲ್ಲಿ ಬೆಟ್ಟದ ಮೇಲೆ ಒಣಗಿ ನಿಲ್ಲುವ ಜರೀಗಿಡದ ಕೆಂಪು ಅದರ ಮೈಗೆ. ಅದಕ್ಕೇ ರೆಡಿನ್ ಎಂದು ಹೆಸರಿಟ್ಟಳು, ಅವರ ಮಾತಿನಲ್ಲಿ ಜರೀಗಿಡ ಎಂದೇ ಅರ್ಥ. ಬಂದ ವಾರದಲ್ಲೇ ಎಮ್ರಿಸ್ ಚಾಪೆಲ್‌ಗೆ ಹಾಕಿಕೊಳ್ಳುವ ಬೂಟಿನ ಎಡಗಾಲು ಅದರ ಹಲ್ಲಿಗೆ ಸಿಕ್ಕಿ ಹೋಯಿತು. ಎರಡನೆಯ ವಾರ ಬಲಗಾಲೂ ಹೋಯಿತು. ಚುಚ್ಚುಮದ್ದು, ವಿಮೆ, ತೂಕ ನೋಡಿ ಹಾಕುವ ನಾಯಿತಿಂಡಿ, ಆಗಸ್ಟಿನಲ್ಲಿ ಕಿವಿಯೊಳಗೆ ಹುಲ್ಲಿನ ಮುಳ್ಳು ಹೊಕ್ಕು ಡಾಕ್ಟರು ಅದನ್ನು ತೆಗೆಯಲು ಇನ್ನೂರ ಎಂಬತ್ತು ಪೌಂಡು.

"ಇನ್ನೂರ ಎಂಬತ್ತು! ಒಂದು ಹುಲ್ಲುಕಡ್ಡಿ ತೆಗೆಯೋಕೆ!" ಎಮ್ರಿಸ್ ಬಾಯಿ ಬಡಿದುಕೊಂಡ. "ಮಿಸ್ಟರ್ ಡಾಕ್ಟ್ರಿಗೆ ಹೇಳು, ನಮ್ಮ ಹೊಲದ ತುಂಬ ಹುಲ್ಲಿದೆ, ಬೇಕಾದಷ್ಟು ತೆಗೀಲಿ."

"ನಿನ್ನ ಕಿವೀಲಿ ಹೊಕ್ಕಿದ್ರೆ ಗೊತ್ತಾಗ್ತಿತ್ತು."

"ನನ್ನ ಕಿವಿ ಹೀಗೆ ಮೊಣಕಾಲ ತನಕ ಜೋತುಬಿದ್ದಿಲ್ಲ ಕಣೇ!"

ಇಷ್ಟೆಲ್ಲ ಗೋಳಾಡಿದವನು ಸಂಜೆ ಬೆಂಕಿಯ ಮುಂದೆ ಕೂತು, ನೆಸ್ಟಾ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಆ ಜೋತುಬಿದ್ದ ಕಿವಿಗಳನ್ನು ಬೆರಳಲ್ಲಿ ಸವರುತ್ತಿದ್ದ. ನೆಸ್ಟಾ ಬಾಗಿಲ ಸಂದಿಯಿಂದ ನೋಡಿ ಮತ್ತೆ ಒಲೆಯ ಕಡೆ ತಿರುಗುತ್ತಿದ್ದಳು.

ಎಡವಟ್ಟಾದದ್ದು ಆ ಸವರುವಿಕೆಯಿಂದಲೇ. ಅಕ್ಟೋಬರಿನ ಒಂದು ಭಾನುವಾರ ನೆಸ್ಟಾ ತಂಗಿಯ ಮನೆಗೆ ಹೋಗಿದ್ದಳು. ಅವತ್ತು ನದಿಯ ಪಕ್ಕದ ಹೊಲದಲ್ಲಿ, ಮಣ್ಣಿನ ಬಿಲ್ಲೆ ಮೇಲಕ್ಕೆ ಹಾರಿಸಿ ಈಡು ಹೊಡೆಯುವ ಪಂದ್ಯ. ಬೈದು ಬೈದು ಊರಿಗೆಲ್ಲ ಡಂಗುರ ಹೊಡೆದಿದ್ದ ನಾಯಿಯನ್ನು ಜನರ ಕಣ್ಣಿಗೆ ತೋರಿಸಬೇಕೆಂದು ಎಮ್ರಿಸ್‌ಗೆ ಆಸೆ. ಆರು ತಿಂಗಳ ಮರಿಗೆ ಬ್ರಷ್ ಹೊಡೆದು, ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ, ಕೋವಿಯವರ ಸಾಲಿನ ಹತ್ತು ಹೆಜ್ಜೆ ಹಿಂದೆ ಗೇಟಿಗೆ ಕಟ್ಟಿದ. ಕಟ್ಟಿ, ಪಕ್ಕದವನ ಹತ್ತಿರ "ಸಾವಿರದ ನಾನೂರು, ಗೊತ್ತಾ?" ಎಂದು ಶುರುಮಾಡಿದ. ಮಾತು ಮುಗಿಯುವ ಮೊದಲು ಹನ್ನೆರಡು ಕೋವಿಗಳು ಒಟ್ಟಿಗೆ ಹಾರಿದವು.

ನೆಸ್ಟಾ ಮನೆಗೆ ಬಂದಾಗ ಹಿತ್ತಲ ಬಾಗಿಲು ತೆರೆದಿತ್ತು, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಏನೋ ನಡುಗುತ್ತಿತ್ತು. ಕೈ ಚಾಚಿದರೆ ನಾಯಿ ಇನ್ನೂ ಒಳಗೆ ಸರಿಯಿತು. ಮೂರು ಮೈಲಿ ಓಡಿ ಬಂದ ಅಂಗಾಲು ಹರಿದು ರಕ್ತ. ನಾಲ್ಕು ತಾಸು ಮಳೆಯಲ್ಲಿ ಹುಡುಕಿ ಎಮ್ರಿಸ್ ಬಂದು ಬಾಗಿಲಲ್ಲಿ ನಿಂತಾಗ ಅವನ ಕೈಯಲ್ಲಿ ಬರೀ ಕುತ್ತಿಗೆಪಟ್ಟಿ ಇತ್ತು.

ಅವಳಿಗೆ ಪಿತ್ತ ನೆತ್ತಿಗೇರಿತು.

"ಬೇಟೆಯವರ ಊರಲ್ಲೇ ಹುಟ್ಟಿ ಬೆಳೆದವನು ನೀನು! ಆರು ತಿಂಗಳ ಮರೀನ ಕೋವಿ ಸಾಲಿನ ಹಿಂದೆ ಕಟ್ಟಬಾರದು ಅಂತ ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ತೋರಿಸ್ಬೇಕು ಅನ್ನಿಸ್ತು" ಎಂದ ಎಮ್ರಿಸ್. ಅವನ ಟೋಪಿಯಿಂದ ನೀರು ಸುರಿಯುತ್ತಿತ್ತು. "ನಮ್ಮ ನಾಯಿ ಅಂತ ತೋರಿಸ್ಬೇಕು ಅನ್ನಿಸ್ತು ಕಣೇ."

ನಮ್ಮ ನಾಯಿ ಎಂದು ಅವನ ಬಾಯಲ್ಲಿ ಅದೇ ಮೊದಲು ಬಂದದ್ದು. ಬೇರೆ ದಿನವಾಗಿದ್ದರೆ ನೆಸ್ಟಾ ಹಿಗ್ಗುತ್ತಿದ್ದಳು. ಅವತ್ತು ಮೆಟ್ಟಿಲ ಕೆಳಗೆ ನೆಲದ ಮೇಲೆ ಮಲಗಿ ಅತ್ತಳು.

ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ನರಕ. ಎಸ್ಟೇಟಿನಲ್ಲಿ ಈಡು ಹಾರಿದರೆ ಕಣಿವೆಯಿಡೀ ಮಾರ್ದನಿ. ರೆಡಿನ್ ಮೆಟ್ಟಿಲ ಕೆಳಗೆ ಸೇರಿ ಸಂಜೆಯವರೆಗೆ ನೀರೂ ಮುಟ್ಟುತ್ತಿರಲಿಲ್ಲ. ಮುಚ್ಚಿಡುವುದು ನೆಸ್ಟಾಳ ಗುಣವಲ್ಲ, ತಾನೇ ಮಿಸೆಸ್ ಬೆಬ್‌ಗೆ ಫೋನು ಮಾಡಿ ಹೇಳಿದಳು. ಮುಂದಿನ ಶನಿವಾರ ಮುದುಕಿ ಬಂದಳು. ಈ ವಯಸ್ಸಿನಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಮೆಟ್ಟಿಲ ಕೆಳಗೆ ಬಹಳ ಹೊತ್ತು ನೋಡಿದಳು. ದೂರದಲ್ಲಿ ಈಡು ಹಾರಿದಾಗಲೆಲ್ಲ ಆ ಕೆಂಪು ಮೈ ಅದುರುವುದನ್ನು ನೋಡಿ ಎದ್ದು, ಬಟ್ಟೆ ಕೊಡವಿಕೊಂಡು, ಮೇಜಿನ ಮುಂದೆ ಕೂತು ಚೆಕ್ ಬರೆದಳು.

"ಇದು ಬದುಕಲ್ಲ, ನೆಸ್ಟಾ. ವರ್ಷಕ್ಕೆ ನಾಲ್ಕು ತಿಂಗಳು ಇದು ಹೀಗೆ ಸಾಯಬಾರದು. ಸಮುದ್ರದ ದಡದಲ್ಲಿ ನನ್ನ ತಂಗಿ ಮಗಳಿದ್ದಾಳೆ. ಅಲ್ಲಿ ಅಲೆ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ನಿನ್ನ ದುಡ್ಡು ಪೂರ್ತಿ ಇದೆ, ತಗೋ."

ಮುದುಕಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನೆಸ್ಟಾಳಿಗೆ ಅದೇ ದೊಡ್ಡ ಸಂಕಟ.

ಚೆಕ್ಕಿನ ಮೇಲೆ ಸಾವಿರದ ನಾನೂರು ಎಂದು ಬರೆದಿತ್ತು. ಎಮ್ರಿಸ್ ಅದನ್ನು ನೋಡಿದ. ಐದು ತಿಂಗಳಿಂದ ಯಾವ ಅಂಕಿ ಹೇಳಿ ಊರಿನ ಕಿವಿ ತೂತು ಮಾಡಿದ್ದನೋ ಅದೇ ಅಂಕಿ. ಒಂದು ಬೆರಳಲ್ಲಿ ಅದನ್ನು ಮೇಜಿನ ಆ ಬದಿಗೆ ತಳ್ಳಿದ.

"ಒಳಗಿಟ್ಕೊಳ್ಳಿ, ಮಿಸೆಸ್ ಬೆಬ್. ಕೆಡಿಸಿದವನು ನಾನು. ಸರಿ ಮಾಡೋದು ಹೇಗೆ ಅಂತ ಹೇಳಿ."

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೆ ತಾಳ್ಮೆ ಇದೆಯಾ?"

"ಇಲ್ಲ."

"ನಿಜ ಹೇಳ್ದೆ, ಅಷ್ಟಾದ್ರೂ ಇದೆ. ಕೇಳು. ಅದು ಊಟ ಮಾಡೋ ಹೊತ್ತಿಗೆ ಸದ್ದು ಮಾಡಬೇಕು. ದೂರದಿಂದ, ಬಹಳ ದೂರದಿಂದ. ಸದ್ದಾದ್ರೆ ಊಟ ಬರುತ್ತೆ ಅಂತ ಅದರ ತಲೇಲಿ ಕೂರಬೇಕು. ಮಂಕಾಗದೆ ತಿಂದ್ರೆ ಒಂದು ಹೆಜ್ಜೆ ಹತ್ತಿರ ಬಾ. ತಲೆ ಎತ್ತಿ ನಿಂತ್ರೆ ಐದು ಹೆಜ್ಜೆ ಹಿಂದೆ ಹೋಗು. ಒಂದು ದಿನ ಅವಸರ ಮಾಡಿದ್ಯೋ, ಒಂದು ತಿಂಗಳು ಹೋಯ್ತು." ಆಮೇಲೆ ನೆಸ್ಟಾಳ ಕಡೆ ತಿರುಗಿದಳು. "ಮುಂದಿನ ವರ್ಷದ ಬೇಟೆ ಮುಗಿಯೋ ತನಕ ಬಿಡ್ತೀನಿ. ಕೊನೇ ದಿನ ನಾನೇ ಬರ್ತೀನಿ. ಅವತ್ತು ಅದು ಹೆದರಿ ನಡುಗಿದ್ರೆ, ಅಲ್ಲಿಂದಲೇ ನನ್ನ ಕಾರು ಹತ್ತಿಸ್ತೀನಿ. ಆಗ ಅಳಬಾರದು."

"ಅಳಲ್ಲ" ಎಂದಳು ನೆಸ್ಟಾ, ಅಳುತ್ತಲೇ.

ಮಾರನೆಯ ಸಂಜೆ ಐದೂವರೆಗೆ ಎಮ್ರಿಸ್ ಎರಡು ಬಾಣಲೆ ಹಿಡಿದುಕೊಂಡು ಹೊಲದ ಆಚೆ ತುದಿಗೆ, ಚಾಪೆಲ್ ಗೋಡೆಯ ಹಿಂದಕ್ಕೆ ಹೋದ. ಹಿತ್ತಲಲ್ಲಿ ನೆಸ್ಟಾ ರೆಡಿನ್‌ಳ ಬಟ್ಟಲು ಇಟ್ಟು ಟಾರ್ಚು ಎತ್ತಿ ತೋರಿಸಿದಳು. ಅವನು ಬಾಣಲೆಗೆ ಬಾಣಲೆ ಬಡಿದ. ಅಷ್ಟು ದೂರಕ್ಕೆ ಅದು ಚಮಚ ಬಿದ್ದಷ್ಟು ಸದ್ದು. ರೆಡಿನ್ ತಿಂದಳು. ಎಮ್ರಿಸ್ ನಿಂತಲ್ಲಿ ಗುರುತಿಗೆ ಒಂದು ಗೂಟ ಹೊಡೆದು ಮನೆಗೆ ಬಂದ.

ಹೀಗೆ ಒಂದು ದಿನವಲ್ಲ, ಎರಡು ದಿನವಲ್ಲ. ಹಿಮ ಬಿದ್ದಾಗ, ಆಲಿಕಲ್ಲು ಸುರಿದಾಗ, ಚಾಪೆಲ್ ಒಳಗೆ ಹಾಡಿನ ಅಭ್ಯಾಸ ನಡೆಯುವಾಗ, ಬಾಣಲೆಯ ಸದ್ದು ತಪ್ಪಲಿಲ್ಲ. ಹಾಡುವವರು ಗೋಡೆಯಾಚೆಯಿಂದ ತಲೆ ಹೊರಗೆ ಹಾಕಿ, "ಎಮ್ರಿಸ್, ತಾಳ ತಪ್ತಾ ಇದೆ ಕಣೋ!" ಎಂದು ಕೀಟಲೆ ಮಾಡಿದರು.

"ಸಾವಿರದ ನಾನೂರು ಪೌಂಡಿನ ತಾಳ ಇದು. ಬಾಯ್ಮುಚ್ಕೊಂಡು ಹಾಡಿ!"

ಮಾರ್ಚಿನಲ್ಲಿ ಒಮ್ಮೆ ಅವನ ತಾಳ್ಮೆ ಕೆಟ್ಟಿತು. ನಾಯಿ ಚೆನ್ನಾಗಿ ತಿನ್ನುತ್ತಿದೆ ಎಂದು ಒಂದೇ ಸಂಜೆ ನಾಲ್ಕು ಗೂಟದಷ್ಟು ದೂರ ಮುಂದೆ ಬಂದು ಬಡಿದ. ರೆಡಿನ್ ಬಟ್ಟಲು ಉರುಳಿಸಿ ಮೆಟ್ಟಿಲ ಕೆಳಗೆ ಸೇರಿಕೊಂಡಳು. ನೆಸ್ಟಾ ಬಗ್ಗಿ ಚೆಲ್ಲಿದ್ದನ್ನು ಬಟ್ಟಲಿಗೆ ತುಂಬಿದಳು. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಮಾರನೆಯ ದಿನ ಮತ್ತೆ ಚಾಪೆಲ್ ಗೋಡೆಯ ಹಿಂದೆ, ಮೊದಲ ಗೂಟದ ಹತ್ತಿರ, ತಲೆ ತಗ್ಗಿಸಿ ನಿಂತಿದ್ದ.

ಬೇಸಿಗೆಯಲ್ಲಿ ನೆಸ್ಟಾ ಬೆಳಿಗ್ಗೆ ಬಸ್ಸಿನ ಮೊದಲ ಸುತ್ತಿಗೆ ಮುಂಚೆ ರೆಡಿನ್‌ಳನ್ನು ಬೆಟ್ಟಕ್ಕೆ ಕರೆದೊಯ್ದು ಕೂರಲು, ಹುಡುಕಲು, ಎತ್ತಿ ತರಲು ಕಲಿಸಿದಳು. ಮೊದಲು ಕಾಲುಚೀಲದ ಉಂಡೆ, ಆಮೇಲೆ ಮೊಲದ ಚರ್ಮ ಸುತ್ತಿದ ಉಂಡೆ. ಹಠಮಾರಿ ಹೌದು, ಇಡ್ವಲ್ ಸುಳ್ಳು ಹೇಳಿರಲಿಲ್ಲ. ಕರೆದಾಗ ಬಾರದೆ, ಹುಡುಕಿದ್ದು ಸಿಕ್ಕಿದ ಮೇಲೆಯೇ ಬರುತ್ತಿದ್ದಳು. ಸಿಟ್ಟು ಬಂದರೂ ನೆಸ್ಟಾಳಿಗೆ ಆ ಹಠ ಒಳಗೊಳಗೆ ಇಷ್ಟವಾಗುತ್ತಿತ್ತು.

ಸೆಪ್ಟೆಂಬರಿಗೆ ಬಾಣಲೆ ಹಿತ್ತಲ ಗೋಡೆಗೆ ಬಂತು. ಅಕ್ಟೋಬರಿಗೆ ಬಾಣಲೆ ಹೋಗಿ ದೂರದ ಹೊಲದಲ್ಲಿ ಎಮ್ರಿಸ್‌ನ ಕೋವಿ ಬಂತು. ಡಿಸೆಂಬರಿನ ಹೊತ್ತಿಗೆ ಶನಿವಾರದ ಈಡುಗಳಿಗೆ ರೆಡಿನ್ ಮೆಟ್ಟಿಲ ಕೆಳಗೆ ಹೋಗುತ್ತಿರಲಿಲ್ಲ. ಬಾಗಿಲ ಬಳಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಆದರೂ ಮನೆಯ ಬಾಗಿಲು ಬೇರೆ, ಕೋವಿಯ ಸಾಲು ಬೇರೆ. ಬೇಟೆಯ ಕೊನೆಯ ದಿನ ಬೆಳಿಗ್ಗೆ ನೆಸ್ಟಾ ಚಹಾ ಹಾಗೇ ಬಿಟ್ಟು ನಾಯಿಯ ಕೂದಲು ಬಾಚುತ್ತ ಕೂತಳು.

ಜನವರಿಯ ಆ ಕೊನೆಯ ಶನಿವಾರ ಹಳು ನುಗ್ಗುವವರ ದಿನ. ಅವತ್ತು ಎಲ್ಲವೂ ಉಲ್ಟಾ. ವರ್ಷವಿಡೀ ಬಾವುಟ ಬೀಸಿದವರ ಕೈಗೆ ಕೋವಿ, ವರ್ಷವಿಡೀ ಕೋವಿ ಹಿಡಿದ ದೊಡ್ಡವರ ಕೈಗೆ ಗೊಬ್ಬರದ ಚೀಲದ ಬಾವುಟ. ಗಡಿಯಾಚೆ ಇಂಗ್ಲೆಂಡಿನಿಂದ ದೊಡ್ಡ ಕಾರಿನಲ್ಲಿ ಬರುವ ಮಿಸ್ಟರ್ ಥರ್ಸ್‌ಬಿ, ಬೆಲೆಬಾಳುವ ಕೋಟು ಹಾಕಿಕೊಂಡು ಮುಳ್ಳುಪೊದೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ.

"ಸ್ವಲ್ಪ ಎಡಕ್ಕೆ ನುಗ್ಗಿ, ಸಾರ್! ಅಲ್ಲಿ ಇನ್ನೂ ಚೆನ್ನಾಗಿ ಚುಚ್ಚುತ್ತೆ!" ಎಂದು ಎಮ್ರಿಸ್ ಬಯಲಿಂದ ಕೂಗಿದ. ಬಾವುಟದವರ ಮನೆಯವರಿಗೂ ಅವತ್ತು ಸಾಲಿನಲ್ಲಿ ಜಾಗವಿರುವುದರಿಂದ ಅವನ ಕೈಯಲ್ಲಿ ಅಪ್ಪನ ಕಾಲದ ಕೋವಿ. ವರ್ಷದಲ್ಲಿ ಒಂದೇ ದಿನ ಹಕ್ಕಿಗೆ ಈಡು ಹೊಡೆಯುವವನು, ಸಾಮಾನ್ಯವಾಗಿ ಆಕಾಶಕ್ಕೆ ಹೊಡೆಯುವವನು.

ನೆಸ್ಟಾ ಕೋವಿ ಬೇಡವೆಂದು ಹೇಳಿ, ಸಾಲಿನ ಹಿಂದೆ ತೊರೆಯ ದಂಡೆಯಲ್ಲಿ ರೆಡಿನ್‌ಳನ್ನು ಕೂರಿಸಿಕೊಂಡು ನಿಂತಳು. ಪಕ್ಕದಲ್ಲಿ ಮಿಸೆಸ್ ಬೆಬ್, ಹಳೆಯ ಹಸಿರು ಟೋಪಿಯಲ್ಲಿ. ಅವಳ ಜೇಬಿನಿಂದ ನಾಯಿ ಕಟ್ಟುವ ಬಾರಿನ ತುದಿ ಹೊರಗೆ ಇಣುಕುತ್ತಿತ್ತು. ಕಾರನ್ನು ಗೇಟಿನ ಬಳಿಯೇ, ಹಿಂಬಾಗಿಲು ಈ ಕಡೆಗೆ ಬರುವಂತೆ ನಿಲ್ಲಿಸಿದ್ದಳು. ನೆಸ್ಟಾ ಅದನ್ನು ನೋಡಬಾರದೆಂದು ಎಷ್ಟು ಸಲ ಅಂದುಕೊಂಡಳೋ ಅಷ್ಟು ಸಲ ನೋಡಿದಳು.

ಕಾಡಿನೊಳಗೆ ಕೂಗು ಎದ್ದಿತು. ಮೊದಲ ಹಕ್ಕಿ ಮರಗಳ ಮೇಲಿಂದ ಹೊರಟಿತು. ಎಂಟು ಕೋವಿಗಳು ಒಟ್ಟಿಗೆ ಹಾರಿದವು.

ರೆಡಿನ್ ಅದುರಿದಳು. ನಾಯಿ ತಲೆ ಎತ್ತಿತು, ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಆಮೇಲೆ ನೆಸ್ಟಾಳ ಮುಖವನ್ನೇ ನೋಡುತ್ತ ಕೂತಿತು. ಅದರ ಬಾಯಿಯ ಎರಡೂ ಬದಿಯಿಂದ ಜೊಲ್ಲು ಇಳಿಯತೊಡಗಿತು. ಇನ್ನೆರಡು ಈಡು ಹಾರಿದವು. ಜೊಲ್ಲು ಇನ್ನೂ ಜೋರಾಯಿತು. ಬಾಲ ಹುಲ್ಲಿನ ಮೇಲೆ ಪಟಪಟ ಬಡಿಯಿತು.

ಮಿಸೆಸ್ ಬೆಬ್ ಬಗ್ಗಿ ನೋಡಿದಳು. "ಇದೇನಿದು?"

"ಊಟ ಎಲ್ಲಿ ಅಂತ ಕೇಳ್ತಾ ಇದ್ದಾಳೆ" ಎಂದಳು ನೆಸ್ಟಾ.

ಮುದುಕಿ ನಗತೊಡಗಿದಳು. ಎರಡು ವರ್ಷದಲ್ಲಿ ಅವಳು ನಕ್ಕದ್ದನ್ನು ನೆಸ್ಟಾ ಕಂಡೇ ಇರಲಿಲ್ಲ. ಈಗ ಟೋಪಿ ಕೆಳಗೆ ಬೀಳುವಂತೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತರಿಸಿಕೊಂಡು ನಕ್ಕಳು. "ಎಂಟು ಕೋವಿ ಹಾರಿದ್ರೆ ಎಂಟು ಊಟ ಅಂದ್ಕೊಂಡಿದ್ದಾಳೆ, ಬಡವಿ!"

ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಎಮ್ರಿಸ್‌ನ ಕೋವಿ ಹಾರಿತು. ಅವನಿಗೇ ಆಶ್ಚರ್ಯವಾಗುವಂತೆ ಹಕ್ಕಿಗೆ ತಗುಲಿತು, ಆದರೆ ರೆಕ್ಕೆಯ ತುದಿಗೆ ಮಾತ್ರ. ದೊಡ್ಡ ಹುಂಜ ಫೆಸೆಂಟು ಓರೆಯಾಗಿ ಇಳಿದು, ತೊರೆಯ ಆಚೆ ಬಿದ್ದು, ಎದ್ದು, ಬೆಟ್ಟದ ಜರೀಗಿಡದೊಳಗೆ ಓಟ ಕಿತ್ತಿತು. ಗಾಯಗೊಂಡ ಹಕ್ಕಿಯನ್ನು ಹಾಗೆ ಬಿಟ್ಟು ಹೋಗುವುದು ಆ ಊರಿನಲ್ಲಿ ದೊಡ್ಡ ನಾಚಿಕೆ. ಇಡ್ವಲ್ ತನ್ನ ಎರಡು ಕಪ್ಪು ಲ್ಯಾಬ್ರಡಾರ್‌ಗಳನ್ನು ಬಿಟ್ಟ. ಅವು ಹಕ್ಕಿ ಬಿದ್ದ ಜಾಗದಲ್ಲಿ ಸುತ್ತಿ ಸುತ್ತಿ, ಹತ್ತು ನಿಮಿಷ ಬಿಟ್ಟು ಬರಿ ಬಾಯಲ್ಲಿ ಬಂದವು. ಥರ್ಸ್‌ಬಿಯ ನಾಯಿಯೂ ಹೋಗಿ ಹಾಗೇ ಬಂತು.

"ಹೋಯ್ತು ಬಿಡು. ನರಿ ಪಾಲು" ಎಂದ ಇಡ್ವಲ್.

"ರೆಡಿನ್‌ನ ಕಳಿಸ್ಲಾ?" ಎಂದಳು ನೆಸ್ಟಾ. ಕೇಳಿದ ಮೇಲೆ ತನಗೇ ಭಯವಾಯಿತು. ಹರಿಯುವ ನೀರು ದಾಟಿಸಿ ಅವಳನ್ನು ಎಂದೂ ಕಳಿಸಿರಲಿಲ್ಲ.

"ಕಳಿಸು, ಯಾರು ಬೇಡ ಅಂದ್ರು?" ಇಡ್ವಲ್‌ಗೆ ತನ್ನ ಹಳೆಯ ಮಾತು ನೆನಪಿತ್ತೋ ಇಲ್ಲವೋ, ನೆಸ್ಟಾಳಿಗಂತೂ ನೆನಪಿತ್ತು.

ಕೈ ಮುಂದೆ ಮಾಡಿ ಬಿಟ್ಟಳು. ರೆಡಿನ್ ತೊರೆಗೆ ಧುಮುಕಿ, ಕಿವಿ ನೀರಲ್ಲಿ ತೇಲಿಸಿಕೊಂಡು ಆಚೆ ದಡ ಹತ್ತಿ, ಒಮ್ಮೆ ಮೈ ಕೊಡವಿ ಜರೀಗಿಡದೊಳಗೆ ಹೊಕ್ಕಳು. ಅಷ್ಟೇ, ಮಾಯ. ಕೆಂಪು ಗಿಡದಲ್ಲಿ ಕೆಂಪು ನಾಯಿ, ಯಾರ ಕಣ್ಣಿಗೆ ಬೀಳಬೇಕು? ಒಮ್ಮೆ ಬೆಟ್ಟದ ನಡುವೆ ಒಂದು ಬಿಳಿ ಚುಕ್ಕೆ ಕಂಡಂತಾಯಿತು, ಆಮೇಲೆ ಅದೂ ಇಲ್ಲ.

ಐದು ನಿಮಿಷವಾಯಿತು. ಹತ್ತಾಯಿತು. ಆ ಕಾಡಿನ ಸರದಿ ಮುಗಿಯಿತೆಂದು ಕೊಂಬು ಊದಿದರು. ಜನ ಮುಂದಿನ ಕಾಡಿಗೆ ಹೊರಡಲು ಗೊಣಗತೊಡಗಿದರು.

"ಸೀಟಿ ಹೊಡಿ, ನೆಸ್ಟಾ. ಎಲ್ರೂ ಕಾಯ್ತಾ ಇದ್ದಾರೆ" ಎಂದ ಇಡ್ವಲ್.

ಸೀಟಿ ತುಟಿಯವರೆಗೆ ಬಂತು. ಊದಿದರೆ ನಾಯಿ ಬರಬಹುದು, ಹಕ್ಕಿ ಹೋಗುತ್ತದೆ. ಊದದಿದ್ದರೆ, ಹೆದರಿ ಎಲ್ಲೋ ಅಡಗಿ ಕೂತಿದ್ದರೆ? ಮಿಸೆಸ್ ಬೆಬ್ ನಗು ನಿಲ್ಲಿಸಿ ಬೆಟ್ಟವನ್ನೇ ನೋಡುತ್ತಿದ್ದಳು. ಕೈ ಜೇಬಿನಲ್ಲಿತ್ತು.

ಎಮ್ರಿಸ್ ಕೋವಿ ಮಡಚಿ ತೋಳಿಗೆ ಹಾಕಿಕೊಂಡು ಬಂದು ಹೆಂಡತಿಯ ಪಕ್ಕ ನಿಂತ.

"ಊದಬೇಡ ಕಣೇ."

"ಬರದಿದ್ರೆ?"

"ಒಂದು ದಿನ ಅವಸರ ಮಾಡಿದ್ರೆ ಒಂದು ತಿಂಗಳು ಹೋಯ್ತು. ನನಗೆ ಗೊತ್ತಲ್ಲ" ಎಂದು, ಜನರ ಕಡೆ ತಿರುಗಿ ಗದರಿದ. "ಏನ್ರೋ ಅವಸರ ನಿಮಗೆ? ಕೌಲ್ ಸಾರು ಎಲ್ಲೂ ಓಡಿ ಹೋಗಲ್ಲ, ಕೊಟ್ಟಿಗೇಲಿ ಬೇಯ್ತಾ ಇದೆ. ನಿಂತ್ಕೊಳ್ಳಿ!"

ಎಲ್ಲರೂ ನಿಂತರು. ನೆಸ್ಟಾ ಸೀಟಿಯನ್ನು ಕೋಟಿನೊಳಗೆ ಬಿಟ್ಟಳು.

ಆಮೇಲೆ ಬೆಟ್ಟದ ಬಹಳ ಮೇಲೆ, ಕಲ್ಲುಗೋಡೆ ಬೆಟ್ಟವನ್ನು ಸೀಳುವ ಕಡೆ, ಜರೀಗಿಡ ಅಲುಗಿತು. ಅಲುಗಾಟ ಕೆಳಗೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು. ತೊರೆಯ ದಡದಲ್ಲಿ ರೆಡಿನ್ ಹೊರಗೆ ಬಂದಾಗ ಅವಳ ತಲೆಯೇ ಕಾಣಿಸುತ್ತಿರಲಿಲ್ಲ. ಬಾಯ್ತುಂಬ ಹುಂಜ, ಅದರ ಉದ್ದ ಬಾಲ ಒಂದು ಕಡೆ, ಕತ್ತು ಇನ್ನೊಂದು ಕಡೆ. ಹುಂಜ ಕಣ್ಣು ಪಿಳಿಪಿಳಿ ಬಿಡುತ್ತಿತ್ತು, ಜೀವಂತ. ಅವಳು ಮೂತಿ ಎತ್ತಿ ಹಿಡಿದು ನೀರು ದಾಟಿ, ಲ್ಯಾಬ್ರಡಾರ್‌ಗಳನ್ನು ತಿರುಗಿಯೂ ನೋಡದೆ, ಕೋವಿಯ ಸಾಲಿನ ನಡುವೆ ನಡೆದು ಬಂದು ನೆಸ್ಟಾಳ ಮುಂದೆ ಕೂತು, ಹಕ್ಕಿಯನ್ನು ಕೈಗೇ ಕೊಟ್ಟಳು.

ಇಡ್ವಲ್ ಅದನ್ನು ತೆಗೆದುಕೊಂಡು ನೋವಾಗದಂತೆ ಕೊನೆಗಾಣಿಸಿ, ಎದೆಯ ಎರಡೂ ಬದಿ ಬೆರಳಿಟ್ಟು ಒತ್ತಿ ನೋಡಿದ. ಒರಟು ಬಾಯಿಯ ನಾಯಿಯಾದರೆ ಎಲುಬು ಮುರಿದಿರುತ್ತದೆ. ಅವನು ಎರಡು ಸಲ ಒತ್ತಿದ.

"ಒಂದೂ ಮುರಿದಿಲ್ಲ" ಎಂದ. ಟೋಪಿ ತೆಗೆದ. ಇಪ್ಪತ್ತೆರಡು ಚಳಿಗಾಲದಲ್ಲಿ ಅವನು ಯಾವ ನಾಯಿಗೂ ಟೋಪಿ ತೆಗೆದದ್ದನ್ನು ನೆಸ್ಟಾ ನೋಡಿರಲಿಲ್ಲ. ಅವಳಿಗೆ ಕುಣಿಯಬೇಕು ಅನ್ನಿಸಿತು. ಕುಣಿಯುವ ಬದಲು ಹುಲ್ಲಿನ ಮೇಲೆ ಕೂತು ಒದ್ದೆ ನಾಯಿಯನ್ನು ತಬ್ಬಿಕೊಂಡಳು.

ಮಿಸೆಸ್ ಬೆಬ್ ಜೇಬಿನಿಂದ ಬಾರು ಎಳೆದು ಅವಳ ಮಡಿಲಿಗೆ ಹಾಕಿದಳು. "ಹೊಸದು. ಚರ್ಮದ್ದು. ಇಟ್ಕೋ, ನನಗೆ ಕೆಲಸಕ್ಕೆ ಬರಲ್ಲ" ಎಂದು ಹೇಳಿ, ಕಾರಿನ ಹಿಂಬಾಗಿಲು ಮುಚ್ಚಲು ಹೋದಳು.

ಸಂಜೆ ಕೊಟ್ಟಿಗೆಯಲ್ಲಿ ಕುರಿಮಾಂಸ ಮತ್ತು ಲೀಕ್ ಸೊಪ್ಪು ಹಾಕಿದ ಕೌಲ್ ಹಬೆಯಾಡುತ್ತಿತ್ತು. ಇಡ್ವಲ್ ಯಾರಿಗೂ ಹೇಳದೆ ಬಾಗಿಲಿಗೆ ಹೋಗಿ, ಹಳೆಯ ಪಟ್ಟಿಯ ಗೆರೆಯ ಕೆಳಗಿದ್ದ ಒಂದು ಹೆಸರನ್ನು ಪೆನ್ಸಿಲಿನಲ್ಲಿ ಹೊಡೆದು, ಗೆರೆಯ ಮೇಲೆ ಬರೆದ. ನೆಸ್ಟಾ, ರೆಡಿನ್. ಸೆಪ್ಟೆಂಬರಿನವರೆಗೆ ಕಾಯುವ ಪುರುಸೊತ್ತು ಅವನಿಗಿರಲಿಲ್ಲ. ನೆಸ್ಟಾ ಅದನ್ನು ಮೂರು ಸಲ ಓದಿದಳು.

ಮಿಸ್ಟರ್ ಥರ್ಸ್‌ಬಿ ಕೋಟಿನ ಮುಳ್ಳು ಕೀಳುತ್ತ ರೆಡಿನ್‌ಳನ್ನೇ ನೋಡುತ್ತಿದ್ದ. ಅವಳು ಎಮ್ರಿಸ್‌ನ ಬೂಟಿನ ಮೇಲೆ ಗಲ್ಲ ಇಟ್ಟು ಮಲಗಿದ್ದಳು.

"ಅಪರೂಪದ ನಾಯಿ. ಇವಳಿಗೆ ಎಷ್ಟು ಕೊಟ್ರಿ?"

ಕೊಟ್ಟಿಗೆಯಲ್ಲಿ ಚಮಚಗಳ ಸದ್ದು ನಿಂತಿತು. ಮೂವತ್ತು ಜನ ತಿರುಗಿ ಎಮ್ರಿಸ್‌ನ ಬಾಯಿ ನೋಡಿದರು. ಮೂಲೆಯಲ್ಲಿ ಒಬ್ಬ ಆಗಲೇ ಕೂಗಲು ಬಾಯಿ ತೆರೆದಿದ್ದ. ನೆಸ್ಟಾ ಕಣ್ಣು ಮುಚ್ಚಿಕೊಂಡು ಆ ಅಂಕಿಗಾಗಿ ಕಾದಳು.

ಎಮ್ರಿಸ್ ಬಟ್ಟಲು ಕೆಳಗಿಟ್ಟ. ನಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಮೀಸೆಗೆ ಹತ್ತಿದ ಕೌಲ್ ಒರೆಸಿಕೊಂಡ.

"ಏನೋಪ್ಪಾ, ಸಾರ್" ಎಂದ. "ನೆನಪೇ ಇಲ್ಲ."